ಅಜ್ಜಿ ತಗೊಂಡ ಟಿಕೆಟ್

ಹೊಸಪೇಟೆಯವರು ಹಂಪಿ ನೋಡಬೇಕು ಅಂದ್ರೆ ಮನೆಗೆ ನೆಂಟರು ಬರಬೇಕು. ಇದು ನಮ್ಮೂರಲ್ಲಿ ಯಾರೂ ಬರೆದಿಡದ ನಿಯಮ. ಮೈಸೂರಿನಿಂದ ಬೀಗರು ಬಂದರೆ, ಬೆಂಗಳೂರಿನಿಂದ ಆಫೀಸಿನ ಗೆಳೆಯರು ಬಂದರೆ ಅವರನ್ನು ಕರಕೊಂಡು ಹೋಗ್ತೀವಿ. ವಿರೂಪಾಕ್ಷ, ಕಲ್ಲಿನ ರಥ, ಕಮಲ ಮಹಲ್, ಆನೆ ಲಾಯ ಅಂತ ಒಂದೇ ದಿನದಲ್ಲಿ ಓಡಿಸಿ, ಸಂಜೆ ಡ್ಯಾಂ ತೋರಿಸಿ, ಮಂಡಕ್ಕಿ ಮಿರ್ಚಿ ತಿನ್ನಿಸಿ, ರಾತ್ರಿ ರೈಲು ಹತ್ತಿಸಿಬಿಡ್ತೀವಿ. ನೆಂಟರು ಬರದ ವರ್ಷ ಹಂಪಿ ಕಾಣೋದು ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಮಾತ್ರ.

ನಮ್ಮ ಮನೆ ಇರೋದು ಚಿತ್ತವಾಡ್ಗಿಯಲ್ಲಿ. ಹೊಸಪೇಟೆಗೇ ಸೇರಿದ ಊರು, ಈಗ ಪೇಟೆ ಎಲ್ಲಿ ಮುಗೀತು, ನಮ್ಮ ಓಣಿ ಎಲ್ಲಿ ಶುರುವಾಯ್ತು ಅಂತ ಹೊಸಬರಿಗೆ ಗೊತ್ತಾಗೋದಿಲ್ಲ. ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡ್ತೀನಿ. ತಿಂಗಳಲ್ಲಿ ಹತ್ತು ದಿನ ಊರಿಂದಲೇ ಲ್ಯಾಪ್‌ಟಾಪ್ ತೆಗೆದು ಕೂರುವ ಅವಕಾಶ ಇದೆ. ಅಂಥ ಹತ್ತು ದಿನಗಳಲ್ಲಿ ಒಂದು ದಿನ, ಕಳೆದ ಜನವರಿಯಲ್ಲಿ, ಅಜ್ಜಿ ನನ್ನ ಪಕ್ಕ ಬಂದು ಕೂತು ಕೇಳಿದಳು.

“ತಂಗಿ, ಆಪರೇಷನ್ ಆಗೂದ್ರಾಗ ಒಮ್ಮೆ ಕಮಲ್ ಮಹಲಿಗೆ ಕರ್ಕೊಂಡು ಹೋಗ್ತೀಯೇನು?”

ಅಜ್ಜಿಗೆ ಈಗ ಎಪ್ಪತ್ತೆರಡು. ಎರಡೂ ಮಂಡಿ ಸವೆದಿವೆ. ಮೊದಲು ಬಲಗಾಲಿನದು, ಆಮೇಲೆ ಎಡಗಾಲಿನದು ಅಂತ ಡಾಕ್ಟರು ದಿನ ಗೊತ್ತು ಮಾಡಿದ್ದರು. ಆಪರೇಷನ್ನಿಗೆ ಮುಂಚೆ ಹುಲಿಗೆಮ್ಮನ ಗುಡಿಗೆ ಹೋಗ್ತೀನಿ ಅಂದಿದ್ದರೆ ಮನೆಯಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಕಮಲ ಮಹಲಿನಲ್ಲಿ ದೇವರಿಲ್ಲ, ಹರಕೆ ಇಲ್ಲ. “ಅಲ್ಲೇನೈತಿ ಅಂತ ಈ ಕಾಲು ತಗೊಂಡು ಹೋಗ್ತೀಯಬೇ?” ಅಂತ ಅಪ್ಪ ಕೇಳಿದರು. ಅಜ್ಜಿ ಒಂದೇ ಮಾತು ಹೇಳಿದಳು: “ಹುಲ್ಲು ನೋಡಬೇಕು.”

ಅಜ್ಜಿ ಕಮಲಾಪುರದವಳು. ತಾತನಿಗೆ ಸಕ್ಕರೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕ ಮೇಲೆ ಸಂಸಾರ ಚಿತ್ತವಾಡ್ಗಿಗೆ ಬಂತು. ಅದಕ್ಕೂ ಮುಂಚೆ ಅಜ್ಜಿ “ಕೂಲಿ ಮಾಡ್ತಿದ್ಲು” ಅನ್ನೋದು ನಮಗೆಲ್ಲ ಗೊತ್ತಿತ್ತು. ಎಂಥ ಕೂಲಿ ಅನ್ನೋದು ಮನೆಯಲ್ಲಿ ಮಾತಿಗೆ ಬಂದದ್ದು ಕಡಿಮೆ. ಮಂಡಿ ತೋರಿಸೋಕೆ ಹೋದಾಗ ಡಾಕ್ಟರು, “ಕುಕ್ಕರಗಾಲಲ್ಲಿ ಕೂತು ಮಾಡೋ ಕೆಲಸ ಏನಾದ್ರೂ ಬಹಳ ವರ್ಷ ಮಾಡಿದ್ರಾ?” ಅಂತ ಕೇಳಿದ್ದರು. “ಇಲ್ರಿ, ಮನಿಕೆಲಸ ಅಷ್ಟೇ” ಅಂತ ಅಮ್ಮ ಉತ್ತರ ಕೊಟ್ಟಳು. ಅಜ್ಜಿ ಸುಮ್ಮನಿದ್ದಳು.

ಶನಿವಾರ, ಭಾನುವಾರ ಬೆಂಗಳೂರಿನ ಜನ ತುಂಬಿರ್ತಾರೆ ಅಂತ ಒಂದು ಮಂಗಳವಾರ ರಜೆ ಹಾಕಿದೆ. ಪರಿಚಯದ ಆಟೋದವರನ್ನು ಪೂರ್ತಿ ದಿನಕ್ಕೆ ಹೇಳಿ, ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ, ಮೊಸರು ಕಟ್ಟಿಕೊಂಡು ಹೊರಟೆವು. ಊರು ದಾಟಿದ್ದೇ ಬಾಳೆ, ಕಬ್ಬು, ಕಾಲುವೆ. ವಿಜಯನಗರದ ಅರಸರು ತುಂಗಭದ್ರೆಯಿಂದ ತೆಗೆಸಿದ ಕಾಲುವೆಗಳಲ್ಲಿ ಕೆಲವು ಇವತ್ತಿಗೂ ಹರೀತಾ ಇವೆ. ಅವುಗಳಲ್ಲಿ ರಾಯ ಕಾಲುವೆ ಹೋಗಿ ಕಮಲಾಪುರದ ಕೆರೆ ತುಂಬಿಸುತ್ತೆ. ಅರಮನೆ ಬಿದ್ದುಹೋಯ್ತು, ಕಾಲುವೆ ಉಳೀತು. ನಮ್ಮ ಭಾಗದ ಊಟ ಇವತ್ತಿಗೂ ಆ ನೀರಿಂದಲೇ.

ಟಿಕೆಟ್ ಕೌಂಟರಿನಲ್ಲಿ ನಾನು ಫೋನ್ ತೆಗೆದು ಪೇ ಮಾಡೋಕೆ ಹೋದರೆ ಅಜ್ಜಿ ನನ್ನ ಕೈ ಹಿಡಿದಳು. ಸೊಂಟದ ಸಂಚಿಯಿಂದ ಮಡಿಸಿದ ನೋಟು ತೆಗೆದು, “ನನ್ನ ಟಿಕೇಟು ನಾ ತಗೋತೀನಿ” ಅಂದಳು. ನಲವತ್ತು ರೂಪಾಯಿ. ಅದೇ ಟಿಕೆಟ್ಟಿನಲ್ಲಿ ಅವತ್ತೇ ವಿಠ್ಠಲ ದೇವಸ್ಥಾನವನ್ನೂ ಕಮಲಾಪುರದ ಮ್ಯೂಸಿಯಮ್ಮನ್ನೂ ನೋಡಬಹುದು. ಅದು ಹೇಳಿದರೆ ಅಜ್ಜಿಗೆ ಬೇಕಿರಲಿಲ್ಲ. ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಗೇಟಿನವರಿಗೆ ತೋರಿಸಿ, ಅವರು ನೋಡಿ ವಾಪಸ್ ಕೊಟ್ಟ ಮೇಲೆ ಒಳಗೆ ಹೆಜ್ಜೆ ಇಟ್ಟಳು. ಆ ಗೇಟಿನಲ್ಲಿ ಸಾವಿರ ಸಲ ಒಳಗೆ ಹೋಗಿದ್ದಾಳೆ. ಟಿಕೆಟ್ ಹಿಡಿದು ಹೋದದ್ದು ಅದೇ ಮೊದಲು.

ಒಳಗೆ ಹೋದವರಿಗೆ ಮೊದಲು ಕಾಣೋದು ಕಮಲ ಮಹಲ್. ಎರಡಂತಸ್ತು, ದಳ ದಳವಾಗಿ ಬಿಡಿಸಿದ ಕಮಾನುಗಳು, ಮೇಲೆ ಗೋಪುರದ ಹಾಗೆ ಮೆಟ್ಟಿಲು ಮೆಟ್ಟಿಲಾದ ಒಂಬತ್ತು ಶಿಖರ, ನಡುವಿನದು ಎಲ್ಲಕ್ಕಿಂತ ಎತ್ತರ. ಕಮಾನು ನೋಡಿದರೆ ಬಿಜಾಪುರ, ಗುಲ್ಬರ್ಗಾದ ಕಡೆಯ ಮಸೀದಿ, ಮಹಲುಗಳ ನೆನಪಾಗುತ್ತೆ. ಶಿಖರ ನೋಡಿದರೆ ನಮ್ಮ ದೇವಸ್ಥಾನಗಳ ನೆನಪು. ಯುದ್ಧ ಮಾಡ್ತಿದ್ದ ಎರಡು ಕಡೆಯ ಕೆಲಸವೂ ಒಂದೇ ಮನೆಯಲ್ಲಿ ಜಗಳ ಇಲ್ಲದೆ ಕೂತಿದೆ. ಸುತ್ತ ಹಸಿರು ಹುಲ್ಲು, ಅಲ್ಲಲ್ಲಿ ಮರ, ಆಚೆ ಎತ್ತರದ ಕಲ್ಲಿನ ಗೋಡೆ, ಗೋಡೆಗೆ ಕಾವಲು ಗೋಪುರ. ಅವತ್ತು ಮಹಲಿನ ಒಳಗೆ ಹತ್ತೋಕೆ ಬಿಡುತ್ತಿರಲಿಲ್ಲ, ಹೊರಗಿಂದಲೇ ನೋಡಬೇಕಿತ್ತು.

ಪಕ್ಕದಲ್ಲಿ ಒಬ್ಬ ಗೈಡ್ ಹತ್ತು ಹದಿನೈದು ಜನಕ್ಕೆ ವಿವರಿಸುತ್ತಿದ್ದರು. ರಾಣಿಯರು ಬೇಸಿಗೆಯಲ್ಲಿ ಇಲ್ಲಿ ಗಾಳಿಗೆ ಕೂರ್ತಿದ್ರು, ಗೋಡೆಯ ಒಳಗೆ ನೀರಿನ ಕೊಳವೆ ಇತ್ತು, ಇದು ಆ ಕಾಲದ ಏಸಿ ಅಂತ. ಎಲ್ಲರೂ ನಕ್ಕು ಫೋಟೋ ತೆಗೆದುಕೊಂಡರು. ಅಜ್ಜಿ ಮೆಲ್ಲಗೆ, “ನೋಡಿದವ್ರು ಯಾರು?” ಅಂದಳು.

ಅಜ್ಜಿಯ ಪ್ರಶ್ನೆಯನ್ನು ವಿದ್ವಾಂಸರೂ ಕೇಳಿದ್ದಾರೆ. ಈ ಆವರಣಕ್ಕೆ ಜನಾನಾ ಅಥವಾ ರಾಣಿವಾಸ ಅನ್ನೋ ಹೆಸರು ಬಂದದ್ದು ಬಹಳ ಈಚೆಗೆ. ಕರ್ನಲ್ ಮೆಕೆಂಜಿಯ ಕಡೆಯವರು 1799ರಲ್ಲಿ ಮಾಡಿದ ಹಂಪಿಯ ನಕ್ಷೆಯಲ್ಲಿ ಕಮಲ ಮಹಲಿಗೆ ಕೊಟ್ಟ ಹೆಸರೇ ಬೇರೆ: ಮಂತ್ರಾಲೋಚನೆಯ ಮನೆ. 1980ರ ದಶಕದಿಂದ ವರ್ಷಗಟ್ಟಲೆ ಹಂಪಿಯಲ್ಲಿ ಅಳತೆ ಪಟ್ಟಿ ಹಿಡಿದು ಓಡಾಡಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಕೂಡ ಇದು ಹೆಂಗಸರಿಗೆ ಮಾತ್ರ ಮೀಸಲಾದ ಜಾಗ ಅನ್ನೋದನ್ನು ಒಪ್ಪಲಿಲ್ಲ. ಗೋಡೆ ದಾಟಿದರೆ ಆನೆ ಲಾಯ, ಹನ್ನೊಂದು ಆನೆಮನೆಗಳ ಸಾಲು. ಆನೆ, ಮಾವುತರು, ಕಾವಲಿನವರು ಓಡಾಡುವ ಜಾಗದ ಪಕ್ಕ ರಾಜನೋ ದಂಡನಾಯಕನೋ ಕೂತು ಮಾತಾಡುವ ಮನೆ ಇತ್ತು ಅನ್ನೋದು ನಂಬೋ ಹಾಗಿದೆ.

ಹೀಗೆಲ್ಲ ನಾನು ಫೋನಿನಲ್ಲಿ ಓದಿ ಹೇಳ್ತಾ ಇದ್ದರೆ ಅಜ್ಜಿಯ ಕಣ್ಣು ಮಹಲಿನ ಕಡೆ ಇರಲೇ ಇಲ್ಲ. ಕೋಲೂರಿ ನಿಂತು ನೆಲ ನೋಡುತ್ತಿದ್ದಳು.

“ಜೇಕು ಬಂದೈತಿ ನೋಡಲ್ಲಿ.”

ನನಗೆ ಎಲ್ಲಾ ಹುಲ್ಲೂ ಒಂದೇ ಥರ ಕಂಡಿತು. ಅಜ್ಜಿ ಕೋಲಿನ ತುದಿಯಿಂದ ತೋರಿಸಿದಳು. ಹುಲ್ಲಿನ ನಡುವೆ ಸ್ವಲ್ಪ ತಿಳಿ ಬಣ್ಣದ, ಮೂರು ಏಣಿನ ಕಡ್ಡಿ. ಮೇಲೆ ಕಿತ್ತರೆ ಪ್ರಯೋಜನ ಇಲ್ಲವಂತೆ. ನೆಲದೊಳಗೆ ಗಡ್ಡೆ ಇರುತ್ತೆ, ಕುರ್ಪಿ ಹಾಕಿ ಗಡ್ಡೆ ಸಮೇತ ತೆಗೀಬೇಕು. ಒಂದು ಬಿಟ್ಟರೆ ತಿಂಗಳಲ್ಲಿ ನಾಲ್ಕಾಗುತ್ತೆ. ಬೆಳಿಗ್ಗೆಯಿಂದ ಸಂಜೆತನಕ ಹೆಂಗಸರು ಒಂದು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಕೂತಲ್ಲಿಂದಲೇ ಸರೀತಾ ಸರೀತಾ ಈ ಗೋಡೆಯಿಂದ ಆ ಗೋಡೆತನಕ ಹೋಗೋದು. ಮುಟ್ಟಿದ ಮೇಲೆ ತಿರುಗಿ ಮತ್ತೆ ಶುರು. ದಿನಕ್ಕೆ ಎಂಟು ರೂಪಾಯಿ ಕೂಲಿ. ಅಜ್ಜಿ ಹಾಗೆ ಆರು ವರ್ಷ ಕೂತಿದ್ದಳು.

ಇನ್ನೊಂದು ವಿಷಯ ನೀವು ಗಮನಿಸಿರಲಿಕ್ಕಿಲ್ಲ. ಈ ಹುಲ್ಲುಹಾಸು ವಿಜಯನಗರದ ಕಾಲದ್ದಲ್ಲ. ಮನೆಯ ಸುತ್ತ ಹುಲ್ಲು ಬೆಳೆಸಿ ಕತ್ತರಿಸಿ ಇಡೋದು ಇಂಗ್ಲಿಷರ ತೋಟದ ಅಭ್ಯಾಸ. 1520ರ ಸುಮಾರಿಗೆ ಈ ಊರು ನೋಡಿದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಬರೆದಿಟ್ಟಿರೋದು ನಿಂಬೆ, ಕಿತ್ತಳೆ, ಮಾವಿನ ತೋಪುಗಳ ಬಗ್ಗೆ, ಊರೊಳಗೆ ಹರಿಯುವ ನೀರಿನ ಬಗ್ಗೆ. 1565ರ ಯುದ್ಧದ ನಂತರ ಪಟ್ಟಣ ಬರಿದಾಯ್ತು. ಅಲ್ಲಿಂದ ಮುಂದೆ ಶತಮಾನಗಳ ಕಾಲ ಇಲ್ಲಿ ಬೆಳೆದದ್ದು ಜಾಲಿ, ಮುಳ್ಳುಕಂಟಿ. ಸ್ಮಾರಕ ಅಂತ ಗುರುತಿಸಿ, ಕಂಟಿ ಕಡಿದು, ಬಿದ್ದ ಕಲ್ಲು ಎತ್ತಿಟ್ಟು, ನೆಲ ಸಮ ಮಾಡಿ, ಹುಲ್ಲು ಹಚ್ಚಿ, ನೀರು ಬಿಟ್ಟು ಇದನ್ನು ಉದ್ಯಾನ ಮಾಡಿದ್ದು ನಮ್ಮ ಅಜ್ಜಿಯಂಥವರ ಮತ್ತು ಅವರಿಗಿಂತ ಹಿಂದಿನವರ ಕೈ. ನಾವು ರೀಲ್ ಮಾಡುವಾಗ ಹಿಂದೆ ಕಾಣೋ ಹಸಿರು ಅದೇ.

ಮಹಲಿನ ಆಚೆ ಒಂದು ದೊಡ್ಡ ಕಟ್ಟೆ ಇದೆ. ರಾಣಿಯ ಅರಮನೆಯ ತಳಪಾಯ ಅಂತ ಬೋರ್ಡು. ಕೆತ್ತಿದ ಕಲ್ಲಿನ ಪಟ್ಟಿಗಳು ಒಂದರ ಮೇಲೊಂದು, ಮೇಲೆ ಬಯಲು. ಜನ ಅಲ್ಲಿ ನಿಲ್ಲೋದು ಕಡಿಮೆ, ಫೋಟೋಗೆ ಏನೂ ಸಿಗೋದಿಲ್ಲ. ಕಂಬ, ಮಾಡು ಎಲ್ಲ ಮರದ್ದಾಗಿತ್ತು, ಬೆಂಕಿಗೂ ಕಾಲಕ್ಕೂ ಹೋಯ್ತು. ಕಮಲ ಮಹಲ್ ಇಟ್ಟಿಗೆ, ಕಲ್ಲು, ಸುಣ್ಣದ ಗಾರೆಯಿಂದ ಕಟ್ಟಿದ್ದು, ಅದಕ್ಕೇ ನಿಂತಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದವರಿಗೆ ಮರದ ಅರಮನೆ ಹೇಗಿರುತ್ತೆ ಅನ್ನೋ ಅಂದಾಜು ಸಿಗುತ್ತೆ. ಅದು 1784ರದ್ದು, ತೇಗದ ಕಂಬಗಳ ಮೇಲೆ ನಿಂತಿದೆ, ಸುತ್ತ ತೋಟ. ಆ ಮನೆಗೆ ಯಾವುದೋ ಒಂದು ದಿನ ಬೆಂಕಿ ಬಿದ್ದು, ಇನ್ನೂರು ವರ್ಷ ಯಾರೂ ಕಡೆಗಣ್ಣಿಂದಲೂ ನೋಡದಿದ್ದರೆ ಇಂಥದೇ ಒಂದು ಕಟ್ಟೆ ಉಳಿಯುತ್ತಿತ್ತು.

ಗಾರೆಯ ಮನೆಯೂ ಸುಮ್ಮನೆ ನಿಲ್ಲೋದಿಲ್ಲ ಅನ್ನೋದನ್ನು ಅಜ್ಜಿಯಿಂದ ಕೇಳಿದೆ. ಬೇವಿನ ನೆರಳಲ್ಲಿ ಕೂರಿಸಿದ ಮೇಲೆ ಅವಳು ಮಾತು ಬಿಚ್ಚಿದಳು.

“ಹುಲ್ಲು ಬಿಡು ತಂಗಿ, ಹುಲ್ಲು ಹೋದ್ರ ಮತ್ತ ಬರ್ತೈತಿ. ಅರಳಿ ಸಸಿ ಕೆಟ್ಟದ್ದು. ಹಕ್ಕಿ ಹಣ್ಣು ತಿಂದು ಬಂದು ಬಿರುಕಿನಾಗ ಹಾಕಿ ಹೋಗ್ತೈತಿ. ಮಳಿ ಬಿದ್ದ ಎಂಟು ದಿನಕ್ಕ ಎರಡು ಎಲಿ. ಬೆರಳುದ್ದ ಇದ್ದಾಗ ತೆಗೆದ್ರ ಗಿಡ, ಬಿಟ್ರ ಮರ. ಮರ ಆದ್ರ ಗ್ವಾಡಿ ಹೋತು.”

ಒಂದು ಮಳೆಗಾಲದಲ್ಲಿ ಮಹಲಿನ ಬುಡದ ಬಿರುಕಿನಲ್ಲಿ ಸಸಿ ಕಂಡು ಅಜ್ಜಿಯೇ ಎಳೆದಿದ್ದಳಂತೆ. ಬೇರಿನ ಜೊತೆ ಅಂಗೈಯಷ್ಟು ಗಾರೆ ಕಿತ್ತು ಬಂತು. ಮೇಸ್ತ್ರಿ ಬೈದರು. ಎಳೀಬಾರದು, ಬುಡಕ್ಕೆ ಕತ್ತರಿಸಿ ಬೇರಿಗೆ ಔಷಧಿ ಹಚ್ಚಬೇಕು, ಬೇರು ಒಳಗೇ ಸಾಯಬೇಕು ಅಂತ ಕಲಿಸಿದರು. ಆಮೇಲಿಂದ ಹುಲ್ಲಿನ ಸಾಲಲ್ಲಿ ಗೋಡೆಯ ಪಕ್ಕದ ಜಾಗ ಅಜ್ಜಿಗೇ ಖಾಯಂ. ಕಣ್ಣು ಚುರುಕು, ಎರಡೆಲೆ ಇದ್ದಾಗಲೇ ಹೇಳ್ತಾಳೆ ಅಂತ.

“ಎಷ್ಟು ಸಸಿ ತೆಗ್ಸಿರಬಹುದು ಅಜ್ಜಿ?”

“ಯಾರು ಎಣಿಸ್ಯಾರ? ಒಂದು ಬಿಟ್ಟಿದ್ರೂ ಇವತ್ತು ಆ ಮೂಲಿ ಇರ್ತಿರಲಿಲ್ಲ.”

ಅಜ್ಜಿ ಬೆರಳು ತೋರಿಸಿದ ಮೂಲೆ ನೋಡಿದೆ. ಕಮಾನಿನ ಅಂಚು, ಅದರ ಮೇಲಿನ ಗಾರೆಯ ಬಳ್ಳಿ ಎಲ್ಲ ಇದ್ದ ಹಾಗೇ ಇತ್ತು. ಹಂಪಿಗೆ 1986ರಲ್ಲಿ ವಿಶ್ವ ಪರಂಪರೆಯ ತಾಣ ಅನ್ನೋ ಪಟ್ಟ ಸಿಕ್ಕಿತು, 1999ರಲ್ಲಿ ಅಪಾಯದಲ್ಲಿರೋ ತಾಣಗಳ ಪಟ್ಟಿಗೆ ಸೇರಿತು, 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. ಇಷ್ಟು ಯಾವುದೇ ಪುಸ್ತಕದಲ್ಲಿ ಸಿಗುತ್ತೆ. ಎರಡೆಲೆ ಇದ್ದಾಗಲೇ ನೋಡಿದ ಕಣ್ಣು ಯಾರದು ಅಂತ ಸಿಗೋದಿಲ್ಲ.

“ಇದನ್ನೆಲ್ಲ ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ ಅಜ್ಜಿ? ಅವ್ರು ಕೇಳಿದ್ರಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಿಮ್ಮಪ್ಪ ನೌಕರಿಗೆ ಸೇರಿದ ಮ್ಯಾಲ ನಾ ಆ ಮಾತು ಬಿಟ್ಟೆ. ಮದಿವಿ ಮಾತುಕತಿ ನಡೆದಿತ್ತು. ಹುಡುಗನ ತಾಯಿ ಕೂಲಿಗೆ ಹೋಗ್ತಿದ್ಲು ಅಂತ ಯಾಕ ಬೇಕು ಅನಿಸ್ತು.” ಆಮೇಲೆ ಹುಲ್ಲಿನ ಕಡೆ ಕೋಲು ಚಾಚಿ ನಕ್ಕಳು: “ಮಂಡಿ ಇಲ್ಲೇ ಅದಾವ ನೋಡು. ಅದಕ್ಕ ಒಮ್ಮೆ ನೋಡಿ ಹೋಗೂಣು ಅಂದೆ.”

ನಾನು ಏನೂ ಹೇಳಲಿಲ್ಲ. ಅವಳ ಪಕ್ಕ ಹುಲ್ಲಂಚಿನ ಕಲ್ಲಿನ ಮೇಲೆ ಕೂತೆ.

ಅಷ್ಟೊತ್ತಿಗೆ ನೀರಿನ ಪೈಪು ಎಳೆದುಕೊಂಡು ಒಬ್ಬ ಹೆಣ್ಣುಮಗಳು ಬಂದರು. ತಲೆಗೆ ಟವೆಲ್, ಸೊಂಟದಲ್ಲಿ ಫೋನ್. ಅಜ್ಜಿ ಮಾತಿಗೆ ಎಳೆದಳು. ಯಾವೂರು, ಯಾರ ಮನೆಯವಳು, ಎಷ್ಟು ಜನ ಕೆಲಸಕ್ಕಿದ್ದೀರಿ. ಆ ಅಕ್ಕ ಕಮಲಾಪುರದವರೇ. ಅವರ ಅತ್ತೆಯ ಹೆಸರು ಕೇಳಿದ್ದೇ ಅಜ್ಜಿಗೆ ಗುರುತು ಸಿಕ್ಕಿತು, ಒಂದೇ ಸಾಲಲ್ಲಿ ಕೂತವರು.

“ಅರಳಿ ಸಸಿ ಬರ್ತಾವೇನವ್ವಾ ಈಗ?”

“ಮಳಿಗಾಲದಾಗ ಬಿಡಂಗಿಲ್ರಿ ಅಮ್ಮಾ. ನೀವು ಇಲ್ಲಿ ಇದ್ರೇನು?”

“ಇದ್ದೆ. ನಿಮ್ಮತ್ತಿ ಕೂಡ ಇದ್ದೆ.”

“ಹುಲ್ಲು ಹೆಂಗೈತ್ರಿ ಮತ್ತ?” ಅಂತ ಆ ಅಕ್ಕ ಕೇಳಿದರು. ನನಗೆ ಆ ಪ್ರಶ್ನೆ ಬಹಳ ಇಷ್ಟವಾಯ್ತು. ಊರಿಗೆಲ್ಲ ಹಬ್ಬದಡುಗೆ ಮಾಡಿದವರು ಹಿರಿಯರನ್ನು ಕರೆದು ಉಪ್ಪು ಸರಿ ಇದೆಯಾ ಅಂತ ಕೇಳಿದ ಹಾಗಿತ್ತು.

ಅಜ್ಜಿ ಒಮ್ಮೆ ಪೂರ್ತಿ ನೋಡಿದಳು. “ಚಲೋ ಐತಿ. ಆ ಮೂಲ್ಯಾಗ ಜೇಕು ಬಂದೈತಿ. ಗಡ್ಡಿ ಕೂಡ ತೆಗಿ. ಮತ್ತ ಕೂತು ಮಾಡೂ ಮುಂದ ಒಂದು ಮಣಿ ಇಟ್ಕೋ ಬುಡಕ್ಕ. ನಾವು ಇಟ್ಕೊಳ್ಳಲಿಲ್ಲ.” ಮಣೆ ಅಂದ್ರೆ ಸಣ್ಣ ಹಲಗೆ, ಕೂತರೆ ಮಂಡಿಯ ಮೇಲೆ ಅಷ್ಟು ಭಾರ ಬೀಳೋದಿಲ್ಲ. ಆ ಅಕ್ಕ ಹೂಂ ಅಂದು, ತಮ್ಮ ಎಡಮಂಡಿಯನ್ನು ಒಮ್ಮೆ ತಿಕ್ಕಿಕೊಂಡು ಪೈಪು ಎಳೆದುಕೊಂಡು ಮುಂದೆ ಹೋದರು.

ಆನೆ ಲಾಯದ ತನಕ ನಡೆಯೋಕೆ ಅಜ್ಜಿಗೆ ಆಗಲಿಲ್ಲ, ಬಾಗಿಲಲ್ಲಿ ನಿಂತೇ ನೋಡಿದಳು. ಹೊರಗೆ ಬಂದು ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಆಟೋದವರೂ ಕೂತರು. ಅಲ್ಲೇ ಅಜ್ಜಿ ಇನ್ನೊಂದು ವಿಷಯ ಹೇಳಿದಳು. ಹುಲ್ಲಿನ ಕೆಲಸಕ್ಕೂ ಮುಂಚೆ ಅವಳು ಇನ್ನೊಂದು ಕಡೆ ಮಣ್ಣು ಹೊತ್ತಿದ್ದಳಂತೆ. ಇಲ್ಲಿಂದ ಸ್ವಲ್ಪ ದೂರದಲ್ಲಿ, ಮಹಾನವಮಿ ದಿಬ್ಬದ ಹತ್ತಿರ. ಅಲ್ಲಿ ಅಗೆದಾಗ 1980ರ ದಶಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಪ್ಪು ಕಲ್ಲಿನ ಪುಷ್ಕರಣಿ ಮಣ್ಣಿನಿಂದ ಎದ್ದು ಬಂತು. ಅದರ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಎಷ್ಟನೇ ಕಲ್ಲು ಅಂತ ಕೆತ್ತಿದ ಗುರುತುಗಳಿವೆ. ಬೇರೆಲ್ಲೋ ಕಡೆದು ತಂದು, ಗುರುತು ನೋಡಿ ಜೋಡಿಸಿದ್ದು. ಕಲ್ಲುಕುಟಿಗರ ಕೈಯ ಲೆಕ್ಕ ಐನೂರು ವರ್ಷದ ಮೇಲೂ ಓದೋಕೆ ಸಿಗುತ್ತೆ. ಹುಲ್ಲಿನ ಸಾಲಲ್ಲಿ ಕೂತವರು ಯಾವ ಗುರುತೂ ಬಿಡಲಿಲ್ಲ. ಬಿಡಬಾರದು ಅನ್ನೋದೇ ಆ ಕೆಲಸ.

ಅಜ್ಜಿ ನೋಡಿದ್ದು ಬರೀ ಗುಂಡಿ. ಮೆಟ್ಟಿಲು ಪೂರ್ತಿ ಕಾಣೋ ಹೊತ್ತಿಗೆ ಅವಳನ್ನು ಹುಲ್ಲಿನ ಕಡೆ ಹಾಕಿದ್ದರು. ಆಮೇಲೆ ಸಂಸಾರ ಚಿತ್ತವಾಡ್ಗಿಗೆ ಬಂತು. ಆ ಕಡೆ ಮತ್ತೆ ಹೋಗಲೇ ಇಲ್ಲ.

ಆಪರೇಷನ್ನಿಗೆ ಮುಂಚೆ ಒಮ್ಮೆ ಮತ್ತೆ ಡಾಕ್ಟರ ಹತ್ತಿರ ಹೋಗಬೇಕಿತ್ತು. ಈ ಸಲ ಅಜ್ಜಿಯೇ ಹೇಳಿದಳು, “ಕಮಲ್ ಮಹಲಿನಾಗ ಆರು ವರ್ಷ ಹುಲ್ಲಿನ ಕೆಲಸ ಮಾಡೀನ್ರಿ.” ಡಾಕ್ಟರು ಪೆನ್ನು ಎತ್ತಿ ನೋಡಿ, ಹೌದಾ ಅಂದು ಫೈಲಿನಲ್ಲಿ ಬರಕೊಂಡರು. ಅಮ್ಮ ಅಪ್ಪನ ಮುಖ ನೋಡಿದಳು. ಮನೆಗೆ ಬಂದ ಮೇಲೆ ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, “ನನ್ನ ಸಾಲಿ ಫೀಸು ಅದರಾಗ ಕಟ್ಟಿದ್ದೇನಬೇ?” ಅಂತ ಕೇಳಿದರು. “ಮತ್ತ್ಯಾತರಾಗ?” ಅಂದು ಅಜ್ಜಿ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ನೀವು ಹಂಪಿಗೆ ಹೋಗೋದಾದ್ರೆ ವಾರದ ನಡುವೆ ಹೋಗಿ, ಬೆಳಿಗ್ಗೆ ಬೇಗ ಹೋಗಿ. ಎಂಟೂವರೆಯ ಬಿಸಿಲಲ್ಲಿ ಕಮಾನಿನ ಗಾರೆ ಕೆಲಸ ಚೆನ್ನಾಗಿ ಕಾಣುತ್ತೆ. ನೀರು, ಟೋಪಿ ಇರಲಿ. ಮಹಲ್ ನೋಡಿ ಆದ ಮೇಲೆ ಅದರ ಬುಡವನ್ನೂ ಒಮ್ಮೆ ನೋಡಿ. ಬಿರುಕಿನಲ್ಲಿ ಎರಡೆಲೆ ಕಂಡರೆ ನೀವು ಕೀಳಬೇಡಿ, ಅಲ್ಲಿ ಕೆಲಸ ಮಾಡೋರಿಗೆ ಹೇಳಿ.

ಅಜ್ಜಿಯ ಬಲಗಾಲಿನ ಆಪರೇಷನ್ ಆಗಿದೆ. ಈಗ ಅಂಗಳದಲ್ಲಿ ವಾಕರ್ ಹಿಡಿದು ಬೆಳಿಗ್ಗೆ ಹತ್ತು, ಸಂಜೆ ಹತ್ತು ಸುತ್ತು ಹಾಕ್ತಾಳೆ. ಎಡಗಾಲಿನದೂ ಮುಗಿದ ಮೇಲೆ ಪುಷ್ಕರಣಿ ನೋಡಬೇಕಂತೆ. ಫಿಸಿಯೋಥೆರಪಿಗೆ ಬರುವ ಹುಡುಗಿ ಗಾಬರಿಯಾಗಿ, ಅಲ್ಲಿ ಎಷ್ಟು ಮೆಟ್ಟಿಲಿವೆ ಅಂತ ನನ್ನನ್ನು ಕೇಳಿದಳು. ಕೆಳಗೆ ಇಳಿಯೋದಿಲ್ಲ, ಮೇಲಿಂದ ನೋಡೋದು ಅಷ್ಟೇ ಅಂತ ಹೇಳಿದ್ದೀನಿ. ಅಜ್ಜಿ ಮಾತ್ರ ಒಪ್ಪಿಲ್ಲ.